ಜಮೈಕಾದ ಕಡಲತೀರದ ಆಲ್ ಇನ್‌ಕ್ಲೂಸಿವ್ ರೆಸಾರ್ಟ್: ಆಯ್ಕೆಯಿಂದ ವಾಪಸಾತಿಯವರೆಗೆ

ಆಲ್ ಇನ್‌ಕ್ಲೂಸಿವ್ ರೆಸಾರ್ಟ್ ಎಂದರೆ ಕೊಠಡಿ, ಮೂರು ಹೊತ್ತಿನ ಊಟ, ನಡುವಿನ ತಿಂಡಿ, ಪಾನೀಯ, ಈಜುಕೊಳ, ಸಂಜೆಯ ಸಂಗೀತ ಇವೆಲ್ಲಕ್ಕೂ ಸೇರಿಸಿ ಹೊರಡುವ ಮೊದಲೇ ಒಂದೇ ಮೊತ್ತ ಕಟ್ಟಿಬಿಡುವ ವ್ಯವಸ್ಥೆ. ಯುರೋಪಿನಲ್ಲಿ 1950ರಲ್ಲಿ ಕ್ಲಬ್ ಮೆಡ್ ಸಂಸ್ಥೆ ರೂಢಿಗೆ ತಂದ ಈ ಪದ್ಧತಿ ಜಮೈಕಾದಲ್ಲಿ ಗಟ್ಟಿಯಾಗಿ ಬೇರೂರಿದ್ದು ಜಾನ್ ಇಸ್ಸಾ 1978ರಲ್ಲಿ ಓಚೊ ರಿಯೋಸ್ ಸಮೀಪ ಕಪಲ್ಸ್ ರೆಸಾರ್ಟನ್ನೂ ಬುಚ್ ಸ್ಟೂವರ್ಟ್ 1981ರಲ್ಲಿ ಮಾಂಟೆಗೊ ಬೇಯಲ್ಲಿ ಸ್ಯಾಂಡಲ್ಸ್ ರೆಸಾರ್ಟನ್ನೂ ತೆರೆದ ಮೇಲೆ. ಹಣ ಮೊದಲೇ ಸಂದಾಯವಾಗುವುದರಿಂದ ಇಲ್ಲಿ ಯೋಚನೆಯೂ ಮೊದಲೇ ಮುಗಿದಿರಬೇಕು. ತಪ್ಪು ರೆಸಾರ್ಟಿಗೆ ಹೋಗಿ ಇಳಿದ ಮೇಲೆ ಸರಿಪಡಿಸಿಕೊಳ್ಳಲು ಉಳಿಯುವ ದಾರಿಗಳು ಬಹಳ ಕಡಿಮೆ. ಸರಿಯಾದದ್ದನ್ನು ಆರಿಸಿದವರು ಕೊಟ್ಟದ್ದು ವಸೂಲಾಯಿತೇ ಎಂಬ ಲೆಕ್ಕವನ್ನು ವಿಮಾನ ಹತ್ತುವಾಗಲೇ ಬಿಟ್ಟುಬಿಡಬಹುದು. ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರು ಮಕ್ಕಳ ರಜೆಯಲ್ಲಿ, ಅನೇಕ ವೇಳೆ ಊರಿನಿಂದ ಬಂದ ತಂದೆ ತಾಯಿಯರನ್ನೂ ಕರೆದುಕೊಂಡು ಇಂಥ ಪ್ರವಾಸ ಮಾಡುವುದರಿಂದ, ಅವರನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಯಾವ ತೀರ, ಯಾವ ತಿಂಗಳು

ಮಾಂಟೆಗೊ ಬೇಯ ಸ್ಯಾಂಗ್‌ಸ್ಟರ್ ವಿಮಾನ ನಿಲ್ದಾಣದಲ್ಲಿ ಇಳಿದವರ ಮುಂದೆ ಮೂರು ದಿಕ್ಕುಗಳಿರುತ್ತವೆ. ಅದೇ ಊರಿನಲ್ಲಿ ಉಳಿದರೆ ಪ್ರಯಾಣ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ವಯಸ್ಸಾದವರು ಮತ್ತು ಕೂಸುಗಳಿರುವ ಕುಟುಂಬಕ್ಕೆ ಇದು ಸಣ್ಣ ಅನುಕೂಲವಲ್ಲ, ಆದರೆ ಕೆಲವು ರೆಸಾರ್ಟ್‌ಗಳ ತಲೆಯ ಮೇಲೆಯೇ ವಿಮಾನಗಳು ಹಾರುತ್ತವೆ. ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ನೆಗ್ರಿಲ್‌ನಲ್ಲಿ ‘ಸೆವೆನ್ ಮೈಲ್ ಬೀಚ್’ ಎಂಬ ಉದ್ದನೆಯ ಬಿಳಿ ಮರಳಿನ ತೀರವಿದೆ. ನೀರು ದೂರದವರೆಗೂ ಆಳವಿಲ್ಲದೆ ಶಾಂತವಾಗಿರುವುದರಿಂದ ಈಜು ಬಾರದವರೂ ಮಕ್ಕಳೂ ಧೈರ್ಯವಾಗಿ ಇಳಿಯಬಹುದು, ಸೂರ್ಯಾಸ್ತವಂತೂ ನೇರವಾಗಿ ಕಡಲಿನ ಮೇಲೆಯೇ ಆಗುತ್ತದೆ. ಪೂರ್ವಕ್ಕಿರುವ ಓಚೊ ರಿಯೋಸ್‌ನಲ್ಲಿ ಬೆಟ್ಟ, ಹಸಿರು, ಜಲಪಾತ ಹತ್ತಿರವಾದರೂ ತೀರಗಳು ಚಿಕ್ಕವು. ಮರಳು ಮತ್ತು ನೀರಿಗಾಗಿಯೇ ಹೋಗುವವರಿಗೆ ನನ್ನ ಸಲಹೆ ನೆಗ್ರಿಲ್. ಒಂದೂವರೆ ಗಂಟೆಯ ರಸ್ತೆಯನ್ನು ಆ ತೀರ ಮರೆಸುತ್ತದೆ.

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಹವೆ ಒಣಗಿ ಹಿತವಾಗಿರುತ್ತದೆ, ದರವೂ ಅಷ್ಟೇ ಏರಿರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಅದರಲ್ಲಿಯೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳು ಹೆಚ್ಚು ಅಪಾಯದವು. 2025ರ ಅಕ್ಟೋಬರ್ 28ರಂದು ಐದನೇ ದರ್ಜೆಯ ಮೆಲಿಸ್ಸಾ ಚಂಡಮಾರುತ ದ್ವೀಪದ ನೈಋತ್ಯ ಭಾಗಕ್ಕೆ ಅಪ್ಪಳಿಸಿ ಪಶ್ಚಿಮದ ಊರುಗಳಿಗೆ ಭಾರಿ ಹಾನಿ ಮಾಡಿತು ಮತ್ತು ಹಲವು ರೆಸಾರ್ಟ್‌ಗಳು ದುರಸ್ತಿಗಾಗಿ ಮುಚ್ಚಿದವು. ಆದ್ದರಿಂದ ಹಳೆಯ ಚಿತ್ರಗಳನ್ನೂ ಹಳೆಯ ವಿಮರ್ಶೆಗಳನ್ನೂ ನಂಬದೆ, ತಾವು ನೋಡುತ್ತಿರುವ ರೆಸಾರ್ಟ್ ಪೂರ್ಣವಾಗಿ ತೆರೆದಿದೆಯೇ, ಯಾವ ರೆಸ್ಟೋರೆಂಟ್‌ಗಳು ನಡೆಯುತ್ತಿವೆ, ಆವರಣದಲ್ಲಿ ಕಟ್ಟಡದ ಕೆಲಸ ಇದೆಯೇ ಎಂಬುದನ್ನು ಪತ್ರ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ಪ್ರವಾಸ ವಿಮೆ ಮಾಡಿಸುವವರು ಕಾಯ್ದಿರಿಸಿದ ಕೂಡಲೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದ ನಷ್ಟವನ್ನು ತುಂಬಿಕೊಡುವುದಿಲ್ಲ. 2011ರಿಂದೀಚೆಗೆ ಕೆರಿಬಿಯನ್ನಿನಲ್ಲಿ ಸರ್ಗ್ಯಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ದಡಕ್ಕೆ ಬಂದು ಕೊಳೆತು ನಾರುವ ಕಾಟವೂ ಇದೆ. ವಸಂತ ಮತ್ತು ಬೇಸಿಗೆಯಲ್ಲಿ ಪೂರ್ವಕ್ಕೆ ತೆರೆದ ತೀರಗಳಿಗೆ ಅದು ಹೆಚ್ಚು, ಪಶ್ಚಿಮಕ್ಕೆ ಮುಖ ಮಾಡಿದ ನೆಗ್ರಿಲ್‌ಗೆ ಕಡಿಮೆ.

ರೆಸಾರ್ಟ್ ಯಾರಿಗಾಗಿ ಇದೆ ಎಂಬುದನ್ನು ದರಕ್ಕಿಂತ ಮೊದಲು ನೋಡಬೇಕು. ಸ್ಯಾಂಡಲ್ಸ್, ಕಪಲ್ಸ್‌ನಂಥವು ಜೋಡಿಗಳಿಗೆ ಮಾತ್ರ. ಮಕ್ಕಳಿಗೆ ಪ್ರವೇಶವಿಲ್ಲ, ಅಜ್ಜ ಅಜ್ಜಿ ಮೊಮ್ಮಕ್ಕಳ ತಂಡಕ್ಕೆ ಅವು ಹೊಂದುವುದಿಲ್ಲ. ದರವನ್ನು ಸಾಮಾನ್ಯವಾಗಿ ಒಂದು ಕೊಠಡಿಯಲ್ಲಿ ಇಬ್ಬರಿರುತ್ತಾರೆಂದು ಇಟ್ಟುಕೊಂಡು ತಲೆಗೆ, ರಾತ್ರಿಗೆ ಇಷ್ಟೆಂದು ಹೇಳುವುದರಿಂದ, ಒಬ್ಬರೇ ಹೋಗುವವರಿಗೆ ಹೆಚ್ಚು ಬೀಳುತ್ತದೆ. ‘ಓಷನ್ ವ್ಯೂ’ ಎಂದರೆ ಬಾಲ್ಕನಿಯ ಒಂದು ಮೂಲೆಯಿಂದ ಕಡಲು ಕಾಣಬಹುದು ಎಂದಷ್ಟೇ ಅರ್ಥವಿರಬಹುದು. ಕಡಲಿಗೆ ಎದುರಾಗಿರುವ ಕೊಠಡಿ ಬೇಕಾದರೆ ‘ಓಷನ್ ಫ್ರಂಟ್’ ಎಂದು ಬರೆದಿರುವುದನ್ನೇ ಕೊಳ್ಳಬೇಕು. ದಿನದ ಬಹುಪಾಲು ಹೊರಗೆ ಕಳೆಯುವವರಿಗೆ ತೋಟದ ಕಡೆಯ ಅಗ್ಗದ ಕೊಠಡಿ ಸಾಕು. ಮೊಣಕಾಲು ನೋವಿರುವ ಹಿರಿಯರಿದ್ದರೆ ನೆಲಮಹಡಿ ಅಥವಾ ಲಿಫ್ಟ್ ಇರುವ ಕಟ್ಟಡವನ್ನು ಕಾಯ್ದಿರಿಸುವಾಗಲೇ ಕೇಳಿಕೊಳ್ಳಬೇಕು.

ಕಾಗದಪತ್ರ

ಪ್ರವಾಸಕ್ಕಾಗಿ ಹೋಗುವ ಭಾರತೀಯ ಪಾಸ್‌ಪೋರ್ಟ್‌ದಾರರಿಗೆ ಜಮೈಕಾ ಮುಂಗಡ ವೀಸಾ ಕೇಳುವುದಿಲ್ಲ. ವಲಸೆ ಮತ್ತು ಸುಂಕದ ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಿ, ಹಿಂದಿರುಗುವ ಟಿಕೆಟ್ ಇಟ್ಟುಕೊಂಡರೆ ಸಾಕು. ತೊಡಕು ಇರುವುದು ದಾರಿಯಲ್ಲಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲದ ಕಾರಣ ಅಮೆರಿಕದ ಮೂಲಕ ಹೋಗುವವರಿಗೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಬ್ರಿಟನ್ ಮೂಲಕ ಹೋಗುವವರು ಅಲ್ಲಿನ ಟ್ರಾನ್ಸಿಟ್ ನಿಯಮವನ್ನು ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದಿದ್ದು ಐ-797 ಅನುಮೋದನಾ ಪತ್ರವಷ್ಟೇ ಕೈಯಲ್ಲಿದ್ದರೆ, ಕೆನಡಾ ಅಥವಾ ಮೆಕ್ಸಿಕೊಗೆ 30 ದಿನ ಮೀರದಂತೆ ಹೋಗಿ ಬರಲು ಇರುವ ಮರುಪ್ರವೇಶದ ಸೌಲಭ್ಯ ಜಮೈಕಾಕ್ಕೆ ಅನ್ವಯಿಸುವುದಿಲ್ಲ. ನೆರೆಯ ದ್ವೀಪಗಳಿಗೂ ಅದನ್ನು ವಿಸ್ತರಿಸಿರುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳು ಹಾಗೂ ವಿನಿಮಯ ಸಂದರ್ಶಕರಿಗೆ ಮಾತ್ರ. ರೆಸಾರ್ಟಿಗೆ ಹಣ ಕಟ್ಟುವ ಮೊದಲು ಮನೆಯವರೆಲ್ಲರ ವೀಸಾ ದಿನಾಂಕವನ್ನು ಒಮ್ಮೆ ತೆರೆದು ನೋಡಿ.

ಪೆಟ್ಟಿಗೆ ತುಂಬುವಾಗ ಸೈನಿಕರ ಉಡುಪಿನಂಥ ಮಚ್ಚೆ ಮಚ್ಚೆಯ ಹಸಿರು ಬಟ್ಟೆಗಳನ್ನು, ಮಕ್ಕಳವನ್ನೂ ಸೇರಿಸಿ, ಮನೆಯಲ್ಲಿಯೇ ಬಿಡಬೇಕು. ನಾಗರಿಕರು ಅದನ್ನು ಧರಿಸುವುದು ಜಮೈಕಾದಲ್ಲಿ ಕಾನೂನುಬಾಹಿರ. ವಿದ್ಯುತ್ 110 ವೋಲ್ಟ್, ಪ್ಲಗ್ ಅಮೆರಿಕದಂತೆ ಚಪ್ಪಟೆ ಕಡ್ಡಿಯದು. ಸಂಜೆಯ ಕೆಲವು ರೆಸ್ಟೋರೆಂಟ್‌ಗಳಲ್ಲಿ ಗಂಡಸರಿಗೆ ಉದ್ದ ಪ್ಯಾಂಟ್ ಮತ್ತು ಮುಚ್ಚಿದ ಪಾದರಕ್ಷೆ ಕಡ್ಡಾಯವಾದ್ದರಿಂದ ಒಂದು ಜೊತೆ ಇರಲಿ.

ಕೈಪಟ್ಟಿ ಏನನ್ನು ಕೊಡುತ್ತದೆ

ಸ್ವಾಗತ ಕಟ್ಟೆಯಲ್ಲಿ ಹೆಸರು ಬರೆಸಿದಾಗ ಅನೇಕ ರೆಸಾರ್ಟ್‌ಗಳು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತವೆ. ಬಾರ್, ಊಟದ ಮನೆ, ತೀರ ಎಲ್ಲ ಕಡೆ ಅದೇ ಗುರುತು. ಕೊಠಡಿ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ನಂತರವಾದರೂ ಬೇಗ ಬಂದವರು ಸಾಮಾನನ್ನು ಒಪ್ಪಿಸಿ ಊಟಕ್ಕೂ ನೀರಿಗೂ ಹೋಗಬಹುದು, ಆದ್ದರಿಂದ ಈಜುಡುಗೆ ಮತ್ತು ಔಷಧಿಗಳನ್ನು ಕೈಚೀಲದಲ್ಲಿಯೇ ಇಡಬೇಕು. ಕಯಾಕ್, ಹಾಯಿದೋಣಿ, ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನೊಳಗನ್ನು ನೋಡುತ್ತ ಈಜುವ ಸ್ನಾರ್ಕೆಲ್ ಸಲಕರಣೆಯಂಥ ಯಂತ್ರವಿಲ್ಲದ ಜಲಕ್ರೀಡೆಗಳು ಬಹುತೇಕ ಒಳಗೊಂಡಿರುತ್ತವೆ. ಜೆಟ್ ಸ್ಕೀ, ಪ್ಯಾರಾಸೇಲಿಂಗ್, ಸ್ಪಾ, ದುಬಾರಿ ವೈನ್, ತೀರದ ಮೇಲಿನ ವಿಶೇಷ ಭೋಜನ, ಬಟ್ಟೆ ಒಗೆತ, ವೈದ್ಯರ ಭೇಟಿ, ಹೊರಗಿನ ಪ್ರವಾಸ ಇವಕ್ಕೆ ಬೇರೆ ಹಣ. ವಿಮಾನ ನಿಲ್ದಾಣದಿಂದ ಕರೆದೊಯ್ಯುವ ವಾಹನ ಕೆಲವು ಕಡೆ ಸೇರಿರುತ್ತದೆ, ಕೆಲವು ಕಡೆ ಇಲ್ಲ.

ಬಂದ ದಿನವೇ ಮಾಡಬೇಕಾದ ಕೆಲಸವೊಂದಿದೆ: ಬಫೆಯಲ್ಲದ, ಮೇಜಿಗೆ ಬಡಿಸುವ ರೆಸ್ಟೋರೆಂಟ್‌ಗಳಿಗೆ ಮುಂಗಡ ಕಾಯ್ದಿರಿಸಬೇಕೇ ಎಂದು ಕೇಳಿ, ಬೇಕಿದ್ದರೆ ಇಡೀ ವಾರಕ್ಕೆ ಒಟ್ಟಿಗೆ ಮಾಡಿಸುವುದು. ಮೂರನೆಯ ದಿನ ಕೇಳಿದವರಿಗೆ ರಾತ್ರಿ ಒಂಬತ್ತೂವರೆಯ ಹೊತ್ತು ಮಾತ್ರ ಉಳಿದಿರುವುದುಂಟು. ‘ಉಚಿತ ಉಡುಗೊರೆ’ ಇಲ್ಲವೇ ‘ಸ್ವಾಗತ ಉಪಾಹಾರ’ದ ನೆಪದಲ್ಲಿ ಸದಸ್ಯತ್ವ ಮಾರುವ ಸಭೆಗೆ ಕರೆದರೆ ನಯವಾಗಿ ಬೇಡವೆನ್ನಿ, ರಜೆಯ ಒಂದು ಬೆಳಗ್ಗೆಗಿಂತ ಆ ಉಡುಗೊರೆಯ ಬೆಲೆ ಹೆಚ್ಚಲ್ಲ.

ಊಟ

ಮಾಂಸಾಹಾರಿಗಳಿಗೆ ಇಲ್ಲಿ ಹೇಳಿಕೊಡಬೇಕಾದದ್ದು ಕಡಿಮೆ: ಮಸಾಲೆ ಹಚ್ಚಿ ಪಿಮೆಂಟೊ ಎಂಬ ಮಸಾಲೆ ಮರದ ಕಟ್ಟಿಗೆಯ ಹೊಗೆಯಲ್ಲಿ ಸುಟ್ಟ ಜರ್ಕ್ ಕೋಳಿಯನ್ನು ಬಫೆಯಲ್ಲಿ ತಿನ್ನುವುದಕ್ಕಿಂತ ತೀರದಲ್ಲಿ ಡ್ರಮ್ಮಿನ ಒಲೆ ಇಟ್ಟು ಸುಡುವ ಕಡೆ ತಿನ್ನಬೇಕು ಎಂಬುದಿಷ್ಟೇ. ಸ್ಕಾಚ್ ಬಾನೆಟ್ ಮೆಣಸಿನಕಾಯಿ ನಮ್ಮ ಬ್ಯಾಡಗಿಗಿಂತ ಎಷ್ಟೋ ಪಾಲು ಖಾರವಾದ್ದರಿಂದ ಮೊದಲ ತುತ್ತು ಸಣ್ಣದಿರಲಿ. 1845ರ ಮೇ ತಿಂಗಳಿನಿಂದ 1917ರವರೆಗೆ ಸುಮಾರು 36,000 ಭಾರತೀಯರನ್ನು ಕಬ್ಬಿನ ತೋಟಗಳ ಕರಾರು ಕೂಲಿಗಾಗಿ ಈ ದ್ವೀಪಕ್ಕೆ ತರಲಾಯಿತು. ಮೇಕೆ ಮಾಂಸದ ಕರಿ ಇಂದು ಜಮೈಕಾದ ಮದುವೆ, ಉತ್ಸವಗಳ ಊಟವಾಗಿರುವುದಕ್ಕೆ ಅವರೇ ಕಾರಣ.

ಸಸ್ಯಾಹಾರಿಗಳು ಹಸಿದಿರಬೇಕಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ, ಆದರೆ ಕೇಳದೆ ಬಡಿಸಿಕೊಳ್ಳಬಾರದು. ಅಲ್ಲಿ ಕ್ಯಾಲಲೂ ಎಂದು ಬೇಯಿಸುವ ಸೊಪ್ಪು ನಮ್ಮ ದಂಟು, ಹರಿವೆಗಳ ಜಾತಿಯದೇ. ಈರುಳ್ಳಿ, ಟೊಮೆಟೊ ಹಾಕಿ ಬಾಡಿಸಿದ್ದನ್ನು ಬೆಳಗಿನ ಹೊತ್ತು ಕೊಡುತ್ತಾರೆ, ಕೆಲವೊಮ್ಮೆ ಉಪ್ಪುಮೀನು ಸೇರಿರುತ್ತದೆ. ಅಕ್ಕಿಯನ್ನು ರಾಜ್ಮಾ ಮತ್ತು ತೆಂಗಿನಹಾಲಿನಲ್ಲಿ ಬೇಯಿಸುವ ‘ರೈಸ್ ಆ್ಯಂಡ್ ಪೀಸ್’ ಕರಾವಳಿಯವರ ನಾಲಿಗೆಗೆ ಕೂಡಲೇ ಹಿಡಿಸುತ್ತದೆ. ಅದರಲ್ಲಿ ಉಪ್ಪು ಹಾಕಿದ ಮಾಂಸದ ತುಂಡು ಬಿದ್ದಿದೆಯೇ ಎಂದು ಕೇಳಬೇಕು. ಕೆಂಡದಲ್ಲಿ ಸುಟ್ಟ ಬ್ರೆಡ್‌ಫ್ರೂಟ್ ದಕ್ಷಿಣ ಕನ್ನಡದ ಜೀಗುಜ್ಜೆಯೇ ಆಗಿದೆ; ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಕ್ಯಾಪ್ಟನ್ ಬ್ಲೈ 1793ರಲ್ಲಿ ಟಹೀಟಿಯಿಂದ ಅದರ ಸಸಿಗಳನ್ನು ಇಲ್ಲಿಗೆ ತಂದಿದ್ದ. ಮರಗೆಣಸಿನ ಬ್ಯಾಮಿ ರೊಟ್ಟಿ, ಜೋಳದ ಹಿಟ್ಟಿನ ಸಿಹಿ ‘ಫೆಸ್ಟಿವಲ್’, ಕರಿದ ಬಾಳೆಕಾಯಿ ಇವೂ ಇರುತ್ತವೆ. ರಾಷ್ಟ್ರೀಯ ಖಾದ್ಯವಾದ ಆ್ಯಕಿಯನ್ನು ಉಪ್ಪುಮೀನಿನೊಡನೆ ಮಾಡುತ್ತಾರಾದರೂ ಮೀನಿಲ್ಲದೆ ಮಾಡಿಕೊಡಿ ಎಂದರೆ ಮಾಡಿಕೊಡುವ ಅಡುಗೆಯವರಿದ್ದಾರೆ. ತಾನಾಗಿ ಬಿರಿಯದ ಆ್ಯಕಿ ಹಣ್ಣು ವಿಷವಾದ್ದರಿಂದ ಮರದಿಂದ ಕಿತ್ತು ತಿನ್ನುವ ಸಾಹಸ ಬೇಡ. ಜಮೈಕಾದಲ್ಲಿಯೇ ಹುಟ್ಟಿದ ರಾಸ್ತಫಾರಿ ಪಂಥದವರ ‘ಐಟಲ್’ ಅಡುಗೆ ಬಹುಪಾಲು ಸಸ್ಯಾಹಾರವೇ ಆಗಿದ್ದು, ಆ ಹೆಸರು ಹೇಳಿದರೆ ಅಡುಗೆಮನೆಯವರಿಗೆ ನಮ್ಮ ಬೇಡಿಕೆ ಉದ್ದದ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಮೊದಲ ದಿನವೇ ಮುಖ್ಯ ಅಡುಗೆಯವರನ್ನು ಕಂಡು ಮೊಟ್ಟೆ, ಮೀನು, ಮಾಂಸದ ಸಾರು ಇವುಗಳಲ್ಲಿ ಯಾವುದು ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿಬಿಡುವುದು ಪ್ರತಿ ಹೊತ್ತೂ ಬಡಿಸುವವರನ್ನು ವಿಚಾರಿಸುವುದಕ್ಕಿಂತ ಸುಲಭ. ಅಮೆರಿಕದ ಮೂಲಕ ಬರುವವರು ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಮುಚ್ಚಿದ ಪೊಟ್ಟಣದಲ್ಲಿಟ್ಟು ಸುಂಕದ ನಮೂನೆಯಲ್ಲಿ ತೋರಿಸಿದರೆ ಮುಜುಗರ ತಪ್ಪುತ್ತದೆ.

ಮೇ, ಜೂನ್ ಆಸುಪಾಸಿನಲ್ಲಿ ಹೋದವರು ಮಾವಿನ ಹಣ್ಣನ್ನು ಬಿಡಬಾರದು. ಅಲ್ಲಿನ ತಳಿಗಳಲ್ಲಿ ‘ಬಾಂಬೆ’, ‘ಈಸ್ಟ್ ಇಂಡಿಯನ್’ ಎಂಬ ಹೆಸರಿನವೂ ಇವೆ.

ನೀರು, ಬಿಸಿಲು, ಗೋಡೆಯ ಹೊರಗೆ

ಗಾಳಿ ತಂಪಾಗಿರುವುದರಿಂದ ಬಿಸಿಲು ಸುಡುತ್ತಿರುವುದೇ ತಿಳಿಯುವುದಿಲ್ಲ. ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಡವೆಂಬ ನಂಬಿಕೆ ಸರಿಯಲ್ಲ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಹವಳಕ್ಕೆ ಹಾನಿಕರವೆಂದು ಕೆಲವು ಕಡೆ ನಿಷೇಧಿಸಿರುವ ಆಕ್ಸಿಬೆಂಜೋನ್ ಇಲ್ಲದ, ಸತುವಿನ ಆಕ್ಸೈಡ್ ಇರುವ ಬಗೆಯನ್ನು ಆರಿಸಿದರೆ ಒಳಿತು. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬಾರದು. ಕಲ್ಲುಗಳ ನಡುವೆ ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಗಳಿರುವುದರಿಂದ ಸ್ನಾರ್ಕೆಲ್ ಮಾಡುವವರಿಗೆ ರಬ್ಬರ್ ಅಡಿಯ ಬೂಟು ಬೇಕು. ಲೆಕ್ಕವಿಲ್ಲದೆ ಸಿಗುವ ರಮ್ ಕುಡಿದು ಸಂಜೆ ಒಂಟಿಯಾಗಿ ಈಜುವುದಂತೂ ಯಾವ ಬಾವುಟ ಹಾರುತ್ತಿದ್ದರೂ ಅಪಾಯವೇ.

ಸ್ಯಾಂಡಲ್ಸ್, ಕಪಲ್ಸ್‌ಗಳಲ್ಲಿ ಸಿಬ್ಬಂದಿಗೆ ಟಿಪ್ಸ್ ಕೊಡಬಾರದೆಂಬ ನಿಯಮವಿದೆ, ಬಟ್ಲರ್ ಮತ್ತು ಸ್ಪಾ ಸೇವೆಯಂಥ ಕೆಲವನ್ನು ಬಿಟ್ಟು. ಉಳಿದ ಕಡೆ ಕೊಠಡಿ ಶುಚಿ ಮಾಡುವವರಿಗೆ, ಸಾಮಾನು ಹೊರುವವರಿಗೆ ಒಂದು ಡಾಲರಿನ ಅಮೆರಿಕನ್ ನೋಟುಗಳನ್ನು ಚಿಲ್ಲರೆಯಾಗಿ ತಂದಿರಬೇಕು. ನೂರರ ನೋಟು ಹಿಡಿದು ಚಿಲ್ಲರೆ ಹುಡುಕುತ್ತ ನಿಂತವರಿಗೆ ಕೊಡುವ ಮನಸ್ಸಿದ್ದರೂ ಕೊಡಲಾಗುವುದಿಲ್ಲ.

ಒಂದು ವಾರವಿದ್ದರೆ ಒಂದು ಇಲ್ಲವೇ ಎರಡು ಹಗಲನ್ನು ಹೊರಗೆ ಕಳೆಯಲೇಬೇಕೆಂಬುದು ನನ್ನ ಅಭಿಪ್ರಾಯ. ಊಟದ ಹಣ ಒಳಗೆ ಕೊಟ್ಟಾಗಿದೆಯಲ್ಲ ಎಂದು ಗೋಡೆಯೊಳಗೆ ಉಳಿದವರು ದ್ವೀಪವನ್ನು ನೋಡಿರುವುದಿಲ್ಲ, ಮತ್ತು ರೆಸಾರ್ಟಿಗೆ ಕಟ್ಟಿದ ಹಣದಲ್ಲಿ ಗೇಟಿನಾಚೆಯ ಅಂಗಡಿಯವನಿಗೆ ಮುಟ್ಟುವುದು ಅತ್ಯಲ್ಪ. 1956ರ ತೀರ ನಿಯಂತ್ರಣ ಕಾಯ್ದೆಯು ಕಡಲಂಚನ್ನು ಸರ್ಕಾರದ ಸ್ವತ್ತಾಗಿಸಿ ಪರವಾನಗಿಯ ಮೂಲಕ ಬಳಸಲು ಬಿಡುವುದರಿಂದ, ಅನೇಕ ತೀರಗಳಿಗೆ ಊರಿನವರೇ ಕಾಲಿಡಲಾಗದ ಸ್ಥಿತಿಯಿದ್ದು, ಅದರ ವಿರುದ್ಧ ಅಲ್ಲಿ ಹೋರಾಟವೂ ನಡೆದಿದೆ. ನೀರಿನಂಚಿನಲ್ಲಿ ನಡೆದು ಬಂದು ಮರದ ಕೆತ್ತನೆ, ಮಣಿಸರ ತೋರಿಸುವವರನ್ನು ಗದರುವ ಅಗತ್ಯವಿಲ್ಲ. ಬೇಡವಾದರೆ ನಗುತ್ತ ಬೇಡವೆಂದು ಒಮ್ಮೆ ಸ್ಪಷ್ಟವಾಗಿ ಹೇಳಿ ಮುಂದೆ ನಡೆದರಾಯಿತು. ಗಾಂಜಾ ಕೊಳ್ಳಿರೆಂದು ಕೇಳುವವರೂ ಸಿಗುತ್ತಾರೆ: 2015ರಿಂದ ಎರಡು ಔನ್ಸ್‌ವರೆಗೆ ಇಟ್ಟುಕೊಳ್ಳುವುದು ದಂಡ ಮಾತ್ರದ ಸಣ್ಣ ತಪ್ಪು, ವಿಮಾನ ನಿಲ್ದಾಣಕ್ಕೆ ಒಯ್ದರೆ ಅದೇ ದೊಡ್ಡ ಅಪರಾಧ.

ಹೊರಗೆ ಹೋಗಲು ಕೆಂಪು ನಂಬರ್ ಪ್ಲೇಟಿನ, ಅಂದರೆ ಪರವಾನಗಿ ಪಡೆದ ಬಾಡಿಗೆ ವಾಹನವನ್ನೇ ಹಿಡಿಯಬೇಕು ಮತ್ತು ದರವನ್ನು ಹತ್ತುವ ಮೊದಲು ಗೊತ್ತುಮಾಡಿಕೊಳ್ಳಬೇಕು. ಓಚೊ ರಿಯೋಸ್‌ನ ಡನ್ಸ್ ರಿವರ್ ಜಲಪಾತವನ್ನು ಕೈಕೈ ಹಿಡಿದು ಕಡಲಮಟ್ಟದಿಂದ ಮೇಲಕ್ಕೆ ಹತ್ತುತ್ತಾರೆ. ಹಿರಿಯರಿಗೆ ಪಕ್ಕದಲ್ಲಿ ಮೆಟ್ಟಿಲುಗಳಿವೆ. ಫಾಲ್ಮತ್ ಬಳಿಯ ಮಾರ್ಥಾ ಬ್ರೇ ನದಿಯಲ್ಲಿ ಬಿದಿರಿನ ತೆಪ್ಪದ ಮೇಲೆ ಕುಳಿತು ಸುಮಾರು ಐದು ಕಿಲೋಮೀಟರ್ ತೇಲುವುದು ಎಲ್ಲ ವಯಸ್ಸಿನವರಿಗೂ ಆಗುತ್ತದೆ. ಕ್ರಿಕೆಟ್ ಹುಚ್ಚಿರುವವರು ಓಚೊ ರಿಯೋಸ್‌ನಿಂದ ಟೋಲ್ ರಸ್ತೆಯಲ್ಲಿ ಕಿಂಗ್‌ಸ್ಟನ್ನಿಗೆ ಹೋಗಿ ಸಬೀನಾ ಪಾರ್ಕನ್ನು ನೋಡಿ ಬರಬಹುದು. 2006ರಲ್ಲಿ ರಾಹುಲ್ ದ್ರಾವಿಡ್ ಎರಡೂ ಇನಿಂಗ್ಸ್‌ಗಳಲ್ಲಿ ಅರ್ಧಶತಕ ಹೊಡೆದು, ಅನಿಲ್ ಕುಂಬ್ಳೆ ಕೊನೆಯ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತು, ಭಾರತ 49 ರನ್‌ಗಳಿಂದ ಟೆಸ್ಟ್ ಮತ್ತು ಸರಣಿ ಗೆದ್ದದ್ದು ಅಲ್ಲಿಯೇ.

ಹೊರಡುವ ದಿನ

ಕೊಠಡಿಯನ್ನು ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದಕ್ಕೆ ಬಿಡಬೇಕು. ಸಂಜೆಯ ವಿಮಾನವಿದ್ದರೆ ಸಾಮಾನನ್ನು ಒಪ್ಪಿಸಿ ಹೊರಡುವವರೆಗೂ ಊಟ, ಈಜು ಮುಂದುವರಿಸಬಹುದೇ, ಸ್ನಾನಕ್ಕೆ ಜಾಗವಿದೆಯೇ ಎಂದು ಹಿಂದಿನ ರಾತ್ರಿಯೇ ಕೇಳಿ, ಕೊಠಡಿಯ ಬಿಲ್ಲನ್ನೂ ಆಗಲೇ ಪರಿಶೀಲಿಸಿದರೆ ಬೆಳಗಿನ ಸರತಿಯಲ್ಲಿ ವಾದಕ್ಕಿಳಿಯಬೇಕಾಗುವುದಿಲ್ಲ. ಬ್ಲೂ ಮೌಂಟನ್ ಕಾಫಿ ಕೊಳ್ಳುವವರು ಪೊಟ್ಟಣದ ಮೇಲೆ ಅಪ್ಪಟವೋ ಮಿಶ್ರಣವೋ ಎಂದು ಓದಬೇಕು. ಬೆಲೆಯ ಅಂತರಕ್ಕೆ ಕಾರಣ ಅದೇ. ಅಮೆರಿಕದಲ್ಲಿ ವಿಮಾನ ಬದಲಿಸುವವರು ಅಲ್ಲಿ ಸುಂಕದ ತಪಾಸಣೆ ಮುಗಿಸಿ ಮತ್ತೆ ಭದ್ರತಾ ತಪಾಸಣೆಗೆ ಒಳಗಾಗುವುದರಿಂದ, ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ರಮ್ ಮತ್ತು ಜರ್ಕ್ ಸಾಸಿನ ಬಾಟಲಿಗಳನ್ನು ಪೆಟ್ಟಿಗೆ ಮತ್ತೆ ಒಪ್ಪಿಸುವ ಮೊದಲು ಅದರೊಳಗೆ ಸೇರಿಸಿಬಿಡಬೇಕು. ಮಾವಿನ ಹಣ್ಣನ್ನು ಮಾತ್ರ ತೀರದಲ್ಲಿಯೇ ತಿಂದು ಮುಗಿಸಬೇಕು, ಅಮೆರಿಕದ ಸುಂಕದವರು ಅದನ್ನು ಒಳಗೆ ಬಿಡುವುದಿಲ್ಲ.