ಬೆಳಗ್ಗೆ ಅಂತರಗಂಗೆ, ಮಧ್ಯಾಹ್ನ ಕೈಲಾಸಗಿರಿ: ಗೈಡ್ ಜೊತೆ ಒಂದು ದಿನದ ಗವಿ ಪ್ರವಾಸ ಮಾಡುವುದು ಹೇಗೆ

ಕೋಲಾರದ ಅಂತರಗಂಗೆ ಬೆಟ್ಟ ಮತ್ತು ಚಿಂತಾಮಣಿ ತಾಲ್ಲೂಕಿನ ಕೈಲಾಸಗಿರಿ ಎರಡನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು. ಎರಡರಲ್ಲೂ ಗವಿಗಳಿವೆ, ಆದರೆ ಒಂದೇ ಬಗೆಯವಲ್ಲ. ಅಂತರಗಂಗೆಯ ಗವಿಗಳನ್ನು ಯಾರೂ ಕೊರೆದಿಲ್ಲ. ಗುಂಡುಕಲ್ಲಿನ ಮೇಲೆ ಗುಂಡುಕಲ್ಲು ಕೂತು ನಡುವೆ ಉಳಿದ ಸಂದುಗಳೇ ಅಲ್ಲಿ ಗವಿ. ಕೈಲಾಸಗಿರಿಯಲ್ಲಿ ಇಡಿಯಾದ ಬಂಡೆಯನ್ನೇ ಕೊರೆದು ಒಳಗೆ ಗುಹಾಲಯ ಮಾಡಿದ್ದಾರೆ. ಅಂತರಗಂಗೆಯಲ್ಲಿ ತೆವಳಬೇಕು, ಹತ್ತಬೇಕು, ಮೈ ಬಗ್ಗಿಸಬೇಕು. ಕೈಲಾಸಗಿರಿಯಲ್ಲಿ ನಿಧಾನವಾಗಿ ನಿಂತು ನೋಡಿದರೆ ಸಾಕು. ಹಾಗಾಗಿ ಕ್ರಮ ಬದಲಾಯಿಸಬೇಡಿ: ಬೆಳಗ್ಗೆ ಅಂತರಗಂಗೆ, ಊಟ ಆದಮೇಲೆ ಕೈಲಾಸಗಿರಿ. ಉಲ್ಟಾ ಮಾಡಿದವರು ಮಧ್ಯಾಹ್ನ ಒಂದು ಗಂಟೆಗೆ ಕಾದ ಬಂಡೆಯ ಮೇಲೆ ಕೈಯಿಡಲಾಗದೆ, ತಂದ ನೀರು ಮುಗಿಸಿಕೊಂಡು, ಅರ್ಧಕ್ಕೇ ಇಳಿಯುತ್ತಾರೆ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ನಂತರ ಎಂಟೂವರೆಗೇ ಬಂಡೆ ಕಾಯಲು ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದರಿಂದ ಬೋಳು ಬಂಡೆಯ ನೆತ್ತಿಯಲ್ಲಿ ನಿಲ್ಲುವುದೇ ಅಪಾಯ. ಈ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಅಂತರಗಂಗೆಯ ಗವಿ ಭಾಗವನ್ನು ಬಿಟ್ಟುಬಿಡಿ. ಜನ ಕೂತು ಜಾರಿ ಜಾರಿ ನುಣುಪಾದ ಕಲ್ಲು ಒದ್ದೆಯಾದರೆ ಯಾವ ಶೂ ಕೂಡ ಹಿಡಿಯುವುದಿಲ್ಲ.

ವಾರದ ದಿನ ಸಿಕ್ಕಿದರೆ ಬಹಳ ಒಳ್ಳೆಯದು. ಭಾನುವಾರ ಗವಿಯ ಬಾಯಲ್ಲಿ ಎರಡು ಮೂರು ತಂಡಗಳು ಎದುರುಬದುರಾಗುತ್ತವೆ, ಒಳಗೆ ಒಬ್ಬರನ್ನೊಬ್ಬರು ದಾಟಲು ಜಾಗವಿರುವುದಿಲ್ಲ. ಕಾರ್ತಿಕ ಸೋಮವಾರಗಳಲ್ಲಿ ಮತ್ತು ಶಿವರಾತ್ರಿಯಲ್ಲಿ ಅಂತರಗಂಗೆಗೆ ಭಕ್ತರ ಜನಸಂದಣಿ. ಫಾಲ್ಗುಣ ಹುಣ್ಣಿಮೆಗೆ ಕೈವಾರ ತಾತಯ್ಯನವರ ಜಯಂತಿ, ಆಗ ನಾವು ಊಟಕ್ಕೆ ನಿಲ್ಲುವ ಕೈವಾರದಲ್ಲಿ ವಾಹನ ನಿಲ್ಲಿಸುವುದೇ ಕಷ್ಟ. ಆ ಸಂಭ್ರಮ ನೋಡುವ ಆಸೆಯಿದ್ದರೆ ಅದಕ್ಕೇ ಒಂದು ದಿನ ಇಟ್ಟುಕೊಳ್ಳಿ, ಈ ಪ್ರವಾಸದ ಜೊತೆ ಸೇರಿಸಬೇಡಿ.

ಗೈಡ್‌ನ್ನು ಗೊತ್ತುಮಾಡುವ ಮುಂಚೆ

ಅಂತರಗಂಗೆಯ ದೇವಸ್ಥಾನದವರೆಗೆ ಮೆಟ್ಟಿಲಿದೆ, ಅಲ್ಲಿಗೆ ಗೈಡ್ ಬೇಕಿಲ್ಲ. ಗವಿಗಳಿಗೆ ಖಂಡಿತ ಬೇಕು. ದೇವಸ್ಥಾನದ ಮೇಲೆ ದಾರಿ ಪೊದೆಗಳಲ್ಲಿ ಕವಲೊಡೆಯುತ್ತದೆ, ಗುಂಡುಗಳೆಲ್ಲ ಒಂದೇ ಥರ ಕಾಣುತ್ತವೆ, ಬಂಡೆಯ ಮೇಲೆ ಬಳಿದ ಬಾಣದ ಗುರುತು ನಂಬಿ ಹೋದರೆ ಕೊರಕಲಿನ ಅಂಚಿಗೂ ತಲುಪಬಹುದು.

ಫೋನಿನಲ್ಲಿ ಮಾತಾಡುವಾಗ "ಎಷ್ಟು ತಗೋತೀರ" ಎಂಬುದಕ್ಕಿಂತ ಮುಂಚೆ ಈ ನಾಲ್ಕು ಮಾತು ಕೇಳಿ. ಗವಿಯೊಳಗೆ ಎಲ್ಲಿ ಇಳಿದು ಎಲ್ಲಿ ಹೊರಬರುತ್ತೇವೆ? ನಡುವೆ ಯಾರಾದರೂ ಸಾಕು ಅಂದರೆ ವಾಪಸ್ ಬರಲು ದಾರಿ ಯಾವುದು? ಎಷ್ಟು ಜನಕ್ಕೆ ಒಬ್ಬ ಗೈಡ್? ಅರಣ್ಯ ಇಲಾಖೆಯ ಅನುಮತಿ, ಶುಲ್ಕ ಯಾರ ಜವಾಬ್ದಾರಿ? ಮೊದಲ ಎರಡಕ್ಕೆ ತಡವರಿಸದೆ ಉತ್ತರ ಬಂದರೆ ಆ ಮನುಷ್ಯ ಗವಿಯೊಳಗೆ ಹೋಗಿ ಬಂದಿದ್ದಾನೆ ಎಂದೇ ಅರ್ಥ. "ಅದೆಲ್ಲ ಆಗುತ್ತೆ ಸಾರ್, ಬನ್ನಿ" ಎಂದರೆ ಬೇರೆಯವರನ್ನು ಹುಡುಕಿ.

ಹತ್ತು ಜನಕ್ಕೆ ಒಬ್ಬ ಗೈಡ್ ಮುಂದೆ, ಕೊನೆಯಲ್ಲಿ ಅವರ ಕಡೆಯ ಇನ್ನೊಬ್ಬರು ಇರಬೇಕು. ಹದಿನೈದು ಜನ ದಾಟಿದರೆ ಎರಡು ತಂಡ ಮಾಡಿ, ಅರ್ಧ ಗಂಟೆ ಅಂತರದಲ್ಲಿ ಬಿಡಲು ಹೇಳಿ. ಇಲಾಖೆಯ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರವೇ ಇನ್ನೊಮ್ಮೆ ವಿಚಾರಿಸಿ. ಕೊಡುವ ಹಣದಲ್ಲಿ ತಿಂಡಿ, ಊಟ, ಪ್ರವೇಶ ಶುಲ್ಕ, ಪಾರ್ಕಿಂಗ್ ಏನೇನು ಸೇರಿದೆ ಎಂದು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಸಂಜೆ ಬಸ್ಸಿನ ಬಾಗಿಲಲ್ಲಿ ಜಗಳ ಆಗುವುದು ಸಾಮಾನ್ಯವಾಗಿ ಇದೇ ವಿಷಯಕ್ಕೆ. ರಾತ್ರಿ ಚಾರಣ ಮಾಡಿಸುತ್ತೇವೆ ಎನ್ನುವವರೂ ಸಿಗುತ್ತಾರೆ. ಅನುಮತಿ ಪತ್ರ ಕಣ್ಣಾರೆ ನೋಡದೆ ಒಪ್ಪಬೇಡಿ: ಇದು ಚಿರತೆ ಓಡಾಡುವ ಬೆಟ್ಟ.

ಏನೇನು ಇರಬೇಕು

ಒಬ್ಬರಿಗೆ ಮೂರು ಲೀಟರ್ ನೀರು. ಎರಡು ಲೀಟರ್ ಬೆಟ್ಟಕ್ಕೆ, ಒಂದು ವಾಹನದಲ್ಲಿ. ಹಣೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಬೇಕು. ಮೊಬೈಲ್ ಟಾರ್ಚ್ ಸಾಲದು, ಗವಿಯಲ್ಲಿ ಎರಡೂ ಕೈ ಬಂಡೆಯ ಮೇಲಿರಬೇಕಾಗುತ್ತದೆ, ಫೋನ್ ಒಮ್ಮೆ ಸಂದಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಅಡಿಭಾಗ ಸವೆಯದ ಶೂ, ಮಂಡಿ ಮುಚ್ಚುವ ಪ್ಯಾಂಟ್, ತುಂಬು ತೋಳಿನ ಅಂಗಿ. ಜೀನ್ಸ್ ಬೆವರಿಗೆ ಬಿಗಿಯಾಗಿ ಮಂಡಿ ಮಡಿಸಲು ಬಿಡುವುದಿಲ್ಲ. ದುಪಟ್ಟಾ, ಸರ, ಬಳೆ ವಾಹನದಲ್ಲೇ ಇರಲಿ. ಬ್ಯಾಗು ಚಿಕ್ಕದಿರಲಿ, ಹೊರಗೆ ನೇತಾಡುವ ಬಾಟಲಿ, ಕೊಕ್ಕೆ ಇರಬಾರದು. ಸೆಂಟು ಹಾಕಿಕೊಳ್ಳಬೇಡಿ, ಕಾರಣ ಮುಂದೆ ಬರುತ್ತದೆ.

ತಿನ್ನಲು ಕಡಲೆಬೀಜದ ಚಿಕ್ಕಿ, ಬೆಲ್ಲ, ಕಿತ್ತಳೆ, ಸೌತೆಕಾಯಿ. ಎಲ್ಲವನ್ನೂ ಬಟ್ಟೆಯ ಚೀಲದಲ್ಲಿ ಕಟ್ಟಿ ಬ್ಯಾಗಿನೊಳಗೆ ಇಡಿ. ಅಂತರಗಂಗೆಯ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಸಾಕು, ಎಲ್ಲಿದ್ದರೂ ಬರುತ್ತವೆ. ಕಿತ್ತುಕೊಂಡರೆ ಬಿಟ್ಟುಬಿಡಿ. ಮೆಟ್ಟಿಲ ಮೇಲೆ ಎಳೆದಾಡಿದರೆ ಆಯ ತಪ್ಪಿ ಬೀಳುವವರು ನೀವೇ. ಕಚ್ಚಿದರೆ ಅಥವಾ ಪರಚಿದರೆ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಪ್ರವಾಸ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರುಮಾಡಿಸಿ.

ಬೆಳಗಿನ ಆರರಿಂದ ಹನ್ನೊಂದರವರೆಗೆ

ಬೆಂಗಳೂರಿನಿಂದ ಹೊರಡುವವರು ನಾಲ್ಕೂವರೆಗೆ ಬಿಟ್ಟರೆ ಆರೂಕಾಲಿಗೆ ಕೋಲಾರ. ಊರಿನಿಂದ ಬೆಟ್ಟದ ಬುಡ ಮೂರು ನಾಲ್ಕು ಕಿಲೋಮೀಟರ್. ಬುಡದಲ್ಲೇ ಶೌಚದ ಕೆಲಸ ಮುಗಿಸಿಕೊಳ್ಳಿ, ಮೇಲೆ ಅನುಕೂಲವಿಲ್ಲ. ಮೆಟ್ಟಿಲು ಹತ್ತಲು ಅರ್ಧ ಗಂಟೆ ಇಟ್ಟುಕೊಳ್ಳಿ. ಮೊದಲ ನೂರು ಮೆಟ್ಟಿಲನ್ನು ಓಡಿ ಹತ್ತಿದವರೇ ಆಮೇಲೆ ಗವಿಯಲ್ಲಿ ಏದುಸಿರು ಬಿಡುವುದು.

ಮೇಲೆ ಕಾಶಿ ವಿಶ್ವೇಶ್ವರನ ಗುಡಿ, ಪಕ್ಕದಲ್ಲಿ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬರುತ್ತದೆ, ಬೆಟ್ಟಕ್ಕೆ ಹೆಸರು ಬಂದದ್ದೇ ಇದರಿಂದ. ಕೋಲಾರದಂಥ ಬರದ ಸೀಮೆಯಲ್ಲಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ನೆಲದಲ್ಲಿ, ಈ ಸಣ್ಣ ಧಾರೆಯ ಮುಂದೆ ಐದು ನಿಮಿಷ ನಿಲ್ಲಲೇಬೇಕು. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಬೆಟ್ಟದೊಳಗೆ ನಿಧಾನವಾಗಿ ಸಾಗಿ ಇಂಥ ಕಡೆ ಹೊರಬರುತ್ತದೆ. ಭಕ್ತರಿಗೆ ಇದು ತೀರ್ಥ. ಕೈಕಾಲು, ಬಾಟಲಿ ತೊಳೆಯುವ ಜಾಗವಲ್ಲ.

ಗುಡಿಯಿಂದ ಮೇಲೆ ಹೋಗುತ್ತ ಗುಂಡುಗಳನ್ನು ಗಮನಿಸಿ. ಇದು ಜ್ವಾಲಾಮುಖಿಯಿಂದ ಬಂದ ಕಲ್ಲು ಎಂದು ಕೆಲವು ಗೈಡ್‌ಗಳು ಹೇಳುವುದುಂಟು, ಅದು ಸರಿಯಲ್ಲ. ಇದು ಗ್ರಾನೈಟ್, ನೆಲದಾಳದಲ್ಲಿ ನಿಧಾನವಾಗಿ ತಣಿದ ಕಲ್ಲು. ಬಿರುಕಿನಲ್ಲಿ ನೀರಿಳಿದು ಅಂಚು ಮೂಲೆಗಳು ಮೊದಲು ಕರಗಿ, ಚೌಕ ಕಲ್ಲು ದುಂಡಗಾಗುತ್ತದೆ, ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಒಂದರ ಮೇಲೊಂದು ಕೂರುತ್ತವೆ. ಈರುಳ್ಳಿ ಸಿಪ್ಪೆಯಂತೆ ಪದರ ಬಿಡುವ ಗುಂಡು ಕಂಡರೆ ಅದೇ ಈ ಮಾತಿಗೆ ಸಾಕ್ಷಿ. ಆ ಸಿಪ್ಪೆಯ ಮೇಲೆ ಮಾತ್ರ ಕಾಲಿಡಬೇಡಿ, ಹಲಗೆಯಂತೆ ಜಾರಿ ಬರುತ್ತದೆ.

ಗವಿಯ ಬಾಯಲ್ಲಿ ಗೈಡ್ ಮೊದಲು ಇಳಿದು ಟಾರ್ಚ್ ಹಾಕಿ ನೋಡಬೇಕು: ಹಾವು, ಬಾವಲಿ, ಹೆಜ್ಜೇನು. ಚಾಚಿದ ಬಂಡೆಯ ಅಡಿಯಲ್ಲಿ ಹೆಜ್ಜೇನು ಗೂಡು ತೂಗುತ್ತಿದ್ದರೆ ಆ ದಾರಿಯನ್ನೇ ಬಿಟ್ಟು ಬೇರೆ ಕಡೆಯಿಂದ ಹೋಗಬೇಕು. ಸೆಂಟಿನ ವಾಸನೆ, ಬೀಡಿ ಹೊಗೆ, ಕಿರುಚಾಟ, ಗೂಡಿಗೆ ಕಲ್ಲು ಇಂಥವುಗಳಿಂದ ಅವು ಏಳುತ್ತವೆ. ಎದ್ದರೆ ನೆಲಕ್ಕೆ ಕೂರಬೇಡಿ, ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಬಂದ ದಾರಿಯಲ್ಲೇ ಆದಷ್ಟು ದೂರ ಸಾಗಿ.

ಇಕ್ಕಟ್ಟಿನ ಸಂದಿನಲ್ಲಿ ಇಳಿಯುವ ರೀತಿ ಹೀಗೆ. ಬ್ಯಾಗನ್ನು ಬೆನ್ನಿಂದ ತೆಗೆದು ಮುಂದಿನವರ ಕೈಗೆ ಕೊಡಿ. ಇಳಿಜಾರಾದರೆ ಕೂತುಕೊಂಡು ಕಾಲು ಮುಂದಿಟ್ಟು ಜಾರಿ, ತಲೆ ಮುಂದಿಟ್ಟು ಎಂದೂ ಬೇಡ. ಒಂದು ಹಿಡಿತ ಬಿಡುವ ಮುಂಚೆ ಮುಂದಿನ ಹಿಡಿತ ಗಟ್ಟಿಯಿದೆಯೇ ನೋಡಿ: ಎರಡು ಕಾಲು, ಎರಡು ಕೈಗಳಲ್ಲಿ ಮೂರು ಸದಾ ಕಲ್ಲಿನ ಮೇಲಿರಬೇಕು. ಮುಂದಿನವರು "ಬಂದೆ" ಎಂದು ಕೂಗಿದ ಮೇಲೇ ನೀವು ಹೊರಡಿ, ಇಲ್ಲವಾದರೆ ನಿಮ್ಮ ಶೂ ಅವರ ತಲೆಯ ಮೇಲೆ.

ಎದೆಯ ಹತ್ತಿರ ಸಿಕ್ಕಿಕೊಂಡಂತೆ ಅನ್ನಿಸುವ ಒಂದೆರಡು ಜಾಗ ಬರುತ್ತವೆ. ಹೆದರಿದಾಗ ಎಲ್ಲರೂ ಮಾಡುವ ತಪ್ಪು ಒಂದೇ, ಉಸಿರು ಎಳೆದು ಹಿಡಿದುಕೊಳ್ಳುವುದು. ಅದರಿಂದ ಎದೆ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಅಲ್ಲಾಡದೆ ನಿಂತು, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಒಂದು ಭುಜ ಕೆಳಗೆ ಒಂದು ಮೇಲೆ ಮಾಡಿ ಓರೆಯಾಗಿ ಸರಿಯಿರಿ. ಅಂಗೈಗೆ ಕಲ್ಲು ತಣ್ಣಗೆ, ಹಿಟ್ಟಿನಂಥ ಧೂಳು ಹತ್ತಿಕೊಂಡು ಸಿಗುತ್ತದೆ, ಬೆವರಿದ್ದರೆ ಅದು ಕೆಸರಾಗಿ ಜಾರುತ್ತದೆ, ಪ್ಯಾಂಟಿಗೆ ಒರೆಸಿಕೊಳ್ಳಿ. ಇಕ್ಕಟ್ಟಿಗೆ ಹೆದರುವವರು, ಗರ್ಭಿಣಿಯರು, ಮಂಡಿ ಅಥವಾ ಬೆನ್ನು ನೋವಿನವರು, ಎಂಟು ವರ್ಷದೊಳಗಿನ ಮಕ್ಕಳು ಗುಡಿಯ ಹತ್ತಿರವೇ ಉಳಿಯಲಿ. ಬಲವಂತ ಮಾಡಿ ಒಳಗೆ ಕರೆದೊಯ್ದವರಿಂದಲೇ ಇಡೀ ತಂಡ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ.

ಗವಿಗಳಿಗೆ ಒಂದೂವರೆ ಗಂಟೆ ಸಾಕು. ಹೊರಬಂದ ಕೂಡಲೇ ತಲೆ ಎಣಿಸಿ. ಮೇಲಕ್ಕೆ ಹೋದರೆ ಅಂತರಗಂಗೆಯೂ ಸೇರಿದ ಶತಶೃಂಗ ಬೆಟ್ಟಸಾಲಿನ ನೆತ್ತಿ. ಈ ಸಾಲಿನ ಮೇಲೆಯೇ ತೇರಹಳ್ಳಿ, ಪಾಪರಾಜನಹಳ್ಳಿಯಂಥ ಊರುಗಳಿವೆ, ಹೊಲಗಳಿವೆ. ಒಂದು ಕಡೆ ಕೋಲಾರ ಊರು, ಕೆರೆಗಳು. ಇನ್ನೊಂದು ಕಡೆ ಗುಡ್ಡಗಳ ನಡುವಿನ ಕಣಿವೆ. ಮಂಜು ಒಂಬತ್ತರೊಳಗೆ ಕರಗುವುದರಿಂದ ಕಣಿವೆಯ ಫೋಟೊ ಬೇಕಾದವರು ಅಷ್ಟರೊಳಗೆ ಮೇಲಿರಬೇಕು. ಹೊಲದ ನಡುವೆ ನಡೆಯದೆ ಬದುವಿನ ಮೇಲೆ ನಡೆಯಿರಿ, ರಾಗಿ ಕೊಯ್ಲಿನ ಕಾಲದಲ್ಲಂತೂ ಇದು ತಪ್ಪದೆ ಪಾಲಿಸಬೇಕಾದ ಮಾತು. ಹನ್ನೊಂದಕ್ಕೆ ಬುಡದಲ್ಲಿರಬೇಕು.

ಕೈವಾರದಲ್ಲಿ ಊಟ

ಕೋಲಾರದಿಂದ ಚಿಂತಾಮಣಿ ದಾರಿಯಾಗಿ ಕೈವಾರಕ್ಕೆ ಒಂದೂಕಾಲು, ಒಂದೂವರೆ ಗಂಟೆ. ಕೈವಾರದ ಮಠದಲ್ಲಿ ದಾಸೋಹವಿದೆ, ಗುಂಪಾಗಿ ಬರುವುದಿದ್ದರೆ ಹಿಂದಿನ ದಿನವೇ ತಿಳಿಸಿ. ಹೋಟೆಲ್ ಊಟವೇ ಬೇಕೆಂದರೆ ಚಿಂತಾಮಣಿಯಲ್ಲೇ ಮುಗಿಸಿ. ಡಿಸೆಂಬರ್, ಜನವರಿಯಲ್ಲಾದರೆ ಅವರೆಕಾಳು ಸಾರು, ಮುದ್ದೆ ಕೇಳಿ.

ಕೈವಾರ ಎಂದರೆ ಜನ ತಾತಯ್ಯ ಎಂದು ಕರೆಯುವ ಯೋಗಿನಾರೇಯಣರ ಊರು. ಬಳೆ ಮಾರುತ್ತಿದ್ದ ಇವರು 1726ರಲ್ಲಿ ಹುಟ್ಟಿ 1836ರವರೆಗೆ ಬದುಕಿದರೆಂಬುದು ಮಠದ ಪರಂಪರೆಯ ಲೆಕ್ಕ. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು, ಈ ಸೀಮೆಯ ಎರಡು ಮಾತಿನ ಬದುಕಿಗೆ ಅವರಷ್ಟು ಹತ್ತಿರದವರು ಇನ್ನೊಬ್ಬರಿಲ್ಲ. ಅವರು ತಪಸ್ಸು ಮಾಡಿದ ನರಸಿಂಹ ಗವಿ ಊರ ಪಕ್ಕದ ಗುಡ್ಡದಲ್ಲಿದೆ. ಬಕಾಸುರನನ್ನು ಭೀಮ ಕೊಂದ ಏಕಚಕ್ರಪುರ ಇದೇ ಎಂಬುದು ಇಲ್ಲಿನವರ ನಂಬಿಕೆ. ಗವಿ ನೋಡಲು ಅರ್ಧ ಗಂಟೆ ಕೊಡಿ.

ಮೂರು ಗಂಟೆಗೆ ಕೈಲಾಸಗಿರಿ

ಅಂಬಾಜಿದುರ್ಗದ ಪಕ್ಕದ ಈ ಬೆಟ್ಟದಲ್ಲಿ ಕೊರೆದ ಗುಹೆಗಳು ಹಳೆಯ ರಾಜರ ಕಾಲದವಲ್ಲ, ಇತ್ತೀಚಿನವು. ಬಾದಾಮಿಯ ಲೆಕ್ಕ ಇಟ್ಟುಕೊಂಡು ಬಂದವರಿಗೆ ಮೊದಲ ನೋಟದಲ್ಲಿ ನಿರಾಸೆಯಾಗಬಹುದು. ಬಾದಾಮಿಯದು ಮರಳುಗಲ್ಲು, ಉಳಿಗೆ ಮೆತ್ತಗೆ ಬರುತ್ತದೆ. ಇಲ್ಲಿರುವುದು ಗ್ರಾನೈಟ್. ಇಷ್ಟು ಗಟ್ಟಿ ಕಲ್ಲಿನೊಳಗೆ ಚತುರ್ಮುಖ ಶಿವ, ಪಾರ್ವತಿ, ಗಣಪತಿಯರಿಗೆ ನೆಲೆ ತೆಗೆದು, ಜನ ಕೂರುವಷ್ಟು ದೊಡ್ಡ ಕೋಣೆಯನ್ನೂ ಕೊರೆದಿದ್ದಾರೆ ಎಂಬುದೇ ಇಲ್ಲಿ ನೋಡಬೇಕಾದ್ದು.

ನೋಡುವ ಬಗೆ: ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯದೆ, ಗೋಡೆಗೆ ಒತ್ತಿದಂತೆ ಪಕ್ಕದಿಂದ ಬಿಡಿ. ಉಬ್ಬುತಗ್ಗುಗಳ ನೆರಳು ಎದ್ದು ಕಾಣುತ್ತದೆ. ಅರ್ಧ ಕೊಳವೆಯಂಥ ಉದ್ದ ಗೀರು ಕಂಡರೆ ಅದು ಯಂತ್ರದಿಂದ ತೂತು ಹಾಕಿ ಕಲ್ಲು ಸೀಳಿದ ಗುರುತು. ಒತ್ತೊತ್ತಾಗಿ ಸಣ್ಣ ಚುಕ್ಕಿಗಳಿದ್ದರೆ ಕೈ ಉಳಿಯಿಂದ ನಯ ಮಾಡಿದ ಗುರುತು. ಬಂಡೆಯೊಳಗಿನ ಬಿಳಿ ಪಟ್ಟೆ ಒಂದು ಗೋಡೆಯಿಂದ ಛಾವಣಿಗೇರಿ ಇನ್ನೊಂದು ಗೋಡೆಗೆ ಇಳಿದರೆ ಅಲ್ಲಿ ಕಲ್ಲು ಜೋಡಿಸಿಲ್ಲ, ಒಂದೇ ಬಂಡೆ ಎಂದು ತಿಳಿಯುತ್ತದೆ. ಗರ್ಭಗುಡಿಯ ಕಡೆ ಟಾರ್ಚ್ ಬೇಡ, ಫೋಟೊ ತೆಗೆಯುವ ಮುಂಚೆ ಅರ್ಚಕರನ್ನು ಕೇಳಿ. ಚಪ್ಪಲಿ ಹೊರಗೆ ಬಿಡಬೇಕು, ಕಾದ ಬಂಡೆಗೆ ಕಾಲು ಸುಡದಂತೆ ದಪ್ಪ ಸಾಕ್ಸ್ ಒಂದು ಜೊತೆ ಇಟ್ಟುಕೊಂಡಿರಿ.

ನಾಲ್ಕೂವರೆ ಹೊತ್ತಿಗೆ ಹೊರಗಿನ ಬಂಡೆಯ ಮೇಲೆ ಬನ್ನಿ. ಬಿಸಿಲು ಓರೆಯಾಗಿ ಅಂಬಾಜಿದುರ್ಗದ ಕಡೆಯ ಗುಡ್ಡಗಳ ಮಡಿಕೆಗಳೆಲ್ಲ ಬೇರೆ ಬೇರೆಯಾಗಿ ಕಾಣುವುದು ಈಗಲೇ. ಅಂಚಿನಿಂದ ಹತ್ತು ಅಡಿ ಹಿಂದಿರಿ. ಸೆಲ್ಫಿಗಾಗಿ ಹಿಂದೆ ಹಿಂದೆ ಹೆಜ್ಜೆಯಿಡುವವರನ್ನು ಗೈಡ್ ಗದರಿದರೆ ಬೇಸರ ಮಾಡಿಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಕತ್ತಲು, ಹಾಗಾಗಿ ಐದೂವರೆಗೆ ವಾಹನ ಹತ್ತಬೇಕು. ಹೊಸಕೋಟೆ ದಾರಿಯಲ್ಲಿ ಎಂಟರ ಹೊತ್ತಿಗೆ ಬೆಂಗಳೂರು.

ಹೊರಡುವ ಮುಂಚೆ ಗೈಡ್ ಎದುರಿಗೇ ಕಸದ ಚೀಲ ಮತ್ತು ತಲೆ ಎಣಿಸಿ, ಬಾಕಿ ಹಣ ಕೊಟ್ಟುಬಿಡಿ. ಮನೆಗೆ ಹೋದಮೇಲೆ ಸೊಂಟದ ಪಟ್ಟಿ, ಮಂಡಿಯ ಹಿಂಭಾಗ, ಕಂಕುಳಲ್ಲಿ ರಕ್ತ ಹೀರುವ ಉಣ್ಣೆಹುಳು (ಉಣುಗು) ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ, ಬೆಂಕಿ ತಾಗಿಸಬೇಡಿ, ಎಣ್ಣೆ ಹಚ್ಚಬೇಡಿ.