ನರ್ಸರಿ ಪೈನ್ ಬೋನ್ಸಾಯ್ ಆಗಬೇಕಾದರೆ
ಪೈನ್ ಆರಿಸುವಾಗ ನಾನು ತುದಿ ನೋಡುವುದಿಲ್ಲ. ಬೆರಳಿನಿಂದ ಮೇಲಿನ ಮಣ್ಣು ಕೆದಕಿ ಬುಡ ನೋಡುತ್ತೇನೆ. ದಪ್ಪ ಬುಡ, ಸುತ್ತಲೂ ಹರಡಿದ ಬೇರು, ಕೆಳಗಡೆ ಹಸಿರು ಕೊಂಬೆ ಇದ್ದರೆ ಸಾಕು.

ಕೊಂಬೆ ಕತ್ತರಿಸುವಾಗ ಒಂದಷ್ಟು ಸೂಜಿ ಎಲೆ ಉಳಿಸಲೇಬೇಕು. ಎಲೆಯಿಲ್ಲದ ಹಳೇ ಭಾಗದಿಂದ ಪೈನ್ ಮತ್ತೆ ಚಿಗುರುವುದು ಅಪರೂಪ. ನನ್ನ ಮೊದಲ ಗಿಡದ ಚಂದದ ಕೊಂಬೆಯನ್ನು ಸುಮ್ನೆ ಬೋಳಿಸಿದ್ದೆ. ಒಣಗಿ ಕಡ್ಡಿಯಾಯಿತು. ಆ ಜಾಗ ಈಗಲೂ ಖಾಲಿ.

ಕೊಂಬೆ ಕತ್ತರಿಸಿದ ವರ್ಷ ಬೇರು ಮುಟ್ಟಬೇಡಿ. ಮುಂದಿನ ಚಳಿಗಾಲದ ಕೊನೆಗೆ, ಮೊಗ್ಗು ಉದ್ದವಾಗುವ ಮೊದಲು, ಕುಂಡ ಬದಲಿಸಿ. ಒಂದು ಪಕ್ಕದ ಹಳೇ ಮಣ್ಣನ್ನು ಮಾತ್ರ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಇನ್ನೊಂದು ಪಕ್ಕಕ್ಕೆ ಒಂದೆರಡು ವರ್ಷ ಕಾಯಿರಿ. ಬೇರಿನಲ್ಲಿ ಬಿಳಿ ಬೂಷ್ಟು ಕಂಡರೆ ತೊಳೆಯಬೇಡಿ, ಅದು ಸಾಮಾನ್ಯವಾಗಿ ಗಿಡಕ್ಕೆ ನೆರವಾಗುವ ಶಿಲೀಂಧ್ರ. ನೀರು ಸರ್ರನೆ ಇಳಿಯುವ ಹರಳು ಮಣ್ಣು ತುಂಬಿ.