ತಲೆಸುತ್ತಿಗೆ ಮಾತ್ರೆಗಿಂತ ಮೊದಲು ಮಂಚ: ಎಪ್ಲಿ ಕ್ರಮ ಮಾಡುವುದು ಹೀಗೆ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆಯೇ ಗಿರ್ರನೆ ತಿರುಗುತ್ತದೆ. ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಿದರೆ, ಸಿಲ್ವರ್ ಓಕ್ ಮರದ ತುದಿಯ ಮೆಣಸಿನ ಬಳ್ಳಿ ನೋಡಲು ಕತ್ತೆತ್ತಿದರೆ ಮತ್ತೆ ಅದೇ ಪಾಡು. ಇಂಥವರು ಫಿಸಿಯೋಥೆರಪಿಗೆಂದು ನನ್ನ ಬಳಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಕೆಲಸ ಆಗಿರುತ್ತವೆ. ಪಿತ್ತ ನೆತ್ತಿಗೇರಿದೆ ಎಂದು ನಿಂಬೆರಸ ಕುಡಿದಾಗಿರುತ್ತದೆ, ಮೆಡಿಕಲ್ ಅಂಗಡಿಯಿಂದ ತಲೆಸುತ್ತಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದಾಗಿರುತ್ತದೆ. ಈಚೆಗೆ ಮೂರನೆಯದೂ ಸೇರಿಕೊಂಡಿದೆ: ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮಂಚದ ಮೇಲೆ ತಲೆ, ಮೈಯನ್ನು ಹಂತಹಂತವಾಗಿ ಹೊರಳಿಸಿ ತಲೆಸುತ್ತು ಬಿಡಿಸುವ ಎಪ್ಲಿ ಕ್ರಮವನ್ನು ತಾವೇ ಮಾಡಿಕೊಂಡು, ‘ಅದರಿಂದ ಏನೂ ಆಗಲಿಲ್ಲ’ ಎಂದು ಕೈಬಿಟ್ಟಿರುತ್ತಾರೆ. ಮಾಡಿದ್ದು ಹೇಗೆ, ತೋರಿಸಿ ಎಂದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಒಳಗಿವಿಯಲ್ಲಿ ಸಮತೋಲನ ಅಳೆಯುವ ಒಂದು ಚೀಲವಿದೆ. ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳುಗಳು ಕಳಚಿ ಪಕ್ಕದ ಅರೆವೃತ್ತ ನಾಳಕ್ಕೆ ಜಾರುತ್ತವೆ. ತಲೆ ಆಡಿಸಿದಾಗ ಅವು ನಾಳದೊಳಗಿನ ದ್ರವವನ್ನು ಎಳೆದಾಡುತ್ತವೆ. ತಲೆ ನಿಂತರೂ ಮಿದುಳಿಗೆ ಮಾತ್ರ ತಿರುಗುತ್ತಿದ್ದೇನೆ ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ. ಯಾವ ಮಾತ್ರೆಯೂ ಈ ಹರಳನ್ನು ಅಲುಗಿಸಲಾರದು. ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿಸಬೇಕು. ಅಮೆರಿಕದ ಪೋರ್ಟ್‌ಲ್ಯಾಂಡಿನ ಕಿವಿ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮ ಮಾಡುವುದು ಇಷ್ಟನ್ನೇ.

ಮೊದಲು: ಇದು ಆ ತಲೆಸುತ್ತೇ ಹೌದೇ?

ಹರಳಿನ ತಲೆಸುತ್ತು ತಲೆಯ ಭಂಗಿ ಬದಲಾದಾಗ ಮಾತ್ರ ಬರುತ್ತದೆ, ಒಂದು ನಿಮಿಷದೊಳಗೆ ಇಳಿಯುತ್ತದೆ. ಕುಳಿತವರು ಎದ್ದು ನಿಂತೊಡನೆ ಕಣ್ಣು ಕತ್ತಲೆ ಬಂದರೆ ಅದು ರಕ್ತದೊತ್ತಡ ಇಳಿಯುವುದರ ಲಕ್ಷಣ. ಬಿಪಿ ಮಾತ್ರೆಯ ಪ್ರಮಾಣ, ರಕ್ತಹೀನತೆ, ಬಿಸಿಲಿನಲ್ಲಿ ನೀರು ಕುಡಿಯದೆ ಕಾಫಿ ಕೊಯ್ದದ್ದು, ಇವುಗಳನ್ನು ವೈದ್ಯರು ನೋಡಲಿ. ಕಿವಿಯಲ್ಲಿ ಮೊರೆತ, ಬಿಗಿತ, ಮಂದ ಕೇಳ್ಮೆಯ ಜೊತೆಗೆ ಗಂಟೆಗಟ್ಟಲೆ ತಿರುಗಿದರೆ ಮೆನಿಯರ್ ಎಂಬ ಒಳಗಿವಿಯ ಕಾಯಿಲೆಯಿರಬಹುದು, ಕಿವಿ ತಜ್ಞರ ಬಳಿಗೆ ಹೋಗಿ. ದಿನವಿಡೀ ಬಿಡದೆ ತಿರುಗಿದರೆ ಸಮತೋಲನದ ನರದ ಉರಿಯೂತ ಇರಬಹುದು, ಪಾರ್ಶ್ವವಾಯುವೂ ಇರಬಹುದು. ಯಾವುದೆಂದು ಮನೆಯಲ್ಲಿ ತೀರ್ಮಾನಿಸಲು ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಆಧಾರವಿಲ್ಲದೆ ನಿಲ್ಲಲಾಗದಿರುವುದು, ಹಿಂದೆಂದೂ ಬಾರದಂಥ ತಲೆನೋವು: ತಲೆಸುತ್ತಿನೊಡನೆ ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಘಟ್ಟದ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ, ನಿಂಬೆರಸಕ್ಕೆಂದು ಇನ್ನೊಂದು ಗಂಟೆ ಕಳೆಯಬೇಡಿ.

ಯಾರು ಮನೆಯಲ್ಲಿ ಮಾಡಬಾರದು?

ಕತ್ತಿನ ಮೂಳೆ ತೀವ್ರವಾಗಿ ಸವೆದವರು, ಕತ್ತಿಗೂ ಹಬ್ಬಿದ ಸಂಧಿವಾತ ಇರುವವರು, ಕಣ್ಣಿನ ಅಕ್ಷಿಪಟಲ (ರೆಟಿನಾ) ಕಳಚಿ ಚಿಕಿತ್ಸೆ ಪಡೆದವರು, ಕತ್ತಿನ ರಕ್ತನಾಳ ಕಿರಿದಾಗಿದೆ ಎನ್ನಿಸಿಕೊಂಡವರು. ಮುಖ್ಯವಾಗಿ, ಮೆಣಸಿನ ಏಣಿಯಿಂದಲೋ ಪಾಚಿ ಹಿಡಿದ ಅಂಗಳದಲ್ಲೋ ಬಿದ್ದ ಮೇಲೆ ತಲೆಸುತ್ತು ಶುರುವಾದವರು. ಅವರಿಗೂ ಹರಳೇ ಕಾರಣವಿರಬಹುದು, ಆದರೆ ಕತ್ತಿನ ಮೂಳೆಗೆ ಏನೂ ಆಗಿಲ್ಲ ಎಂದು ವೈದ್ಯರು ಹೇಳುವ ತನಕ ಕತ್ತನ್ನು ತಿರುಗಿಸುವಂತಿಲ್ಲ.

ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಕೆ ತೆಗೆಸಿ ತಲೆಸುತ್ತು ಬಿಡಿಸಿಕೊಳ್ಳಲು ಹೊರಡುವವರಿಗೆ ಒಂದೇ ಮಾತು: ಬೇಡ. ಆ ಜರ್ಕಿಗೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು.

ಯಾವ ಕಿವಿ?

ಮಂಚದ ಮೇಲೆ ಕಾಲು ಚಾಚಿ ಕುಳಿತು, ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ಹಾಗೆಯೇ ಹಿಂದಕ್ಕೆ ಮಲಗಿ. ಕೆಲವು ಕ್ಷಣ ತಡೆದು ಕೋಣೆ ತಿರುಗಿತೆಂದರೆ ಬಲಗಿವಿಯದೇ ತೊಂದರೆ. ತಿರುಗದಿದ್ದರೆ ಎದ್ದು ಕುಳಿತು, ಸುಧಾರಿಸಿಕೊಂಡು, ಎಡಕ್ಕೆ ಮಾಡಿ. ಬ್ರಿಟನ್ನಿನ ವೈದ್ಯರಾದ ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಜೊತೆಗಿರುವವರು ನಿಮ್ಮ ಕಣ್ಣನ್ನೇ ನೋಡುತ್ತಿರಲಿ. ಕಣ್ಣುಗುಡ್ಡೆ ಎಳೆದೆಳೆದು ಬಿಟ್ಟಂತೆ, ಕೆಳಗಿರುವ ಕಿವಿಯತ್ತ ತಿರುಚಿಕೊಳ್ಳುತ್ತಾ ಅದುರುತ್ತದೆ. ನಿಮ್ಮ ಮಾತಿಗಿಂತ ಆ ಅದುರುವಿಕೆಯನ್ನೇ ನಂಬಬೇಕು. ಎರಡೂ ಕಡೆಗೆ ತಿರುಗಿದರೆ, ಅಥವಾ ಯಾವ ಕಡೆಯೆಂದು ಗೊತ್ತಾಗದಿದ್ದರೆ ಹರಳು ಬೇರೆ ನಾಳದಲ್ಲಿರಬಹುದು. ಅದಕ್ಕೆ ಉರುಳಿಸುವ ರೀತಿಯೇ ಬೇರೆ, ಬಲ್ಲವರ ಬಳಿಯೇ ಮಾಡಿಸಿ.

ಸಿದ್ಧತೆ

ಹೊಟ್ಟೆ ತುಂಬ ಉಂಡು ಮಲಗಬೇಡಿ, ಪಕ್ಕದಲ್ಲಿ ಒಂದು ಬಕೆಟ್ ಇರಲಿ. ಮೈ ಹುಗಿದುಹೋಗುವ ಫೋಮ್ ಹಾಸಿಗೆ ಇದಕ್ಕೆ ಆಗದು, ಗಟ್ಟಿ ಹತ್ತಿ ಹಾಸಿಗೆಯೇ ಸರಿ. ದಿಂಬು ತಲೆಯ ಅಡಿಗಲ್ಲ, ಭುಜದ ಅಡಿಗೆ ಬರಬೇಕು. ಹಾಗಾದಾಗ ಮಾತ್ರ ತಲೆ ಹಿಂದಕ್ಕೆ ತುಸು ಇಳಿದು ನಿಲ್ಲುತ್ತದೆ. ‘ವರ್ಟಿಗೊ ದಿಂಬು’ ಎಂದು ಆನ್‌ಲೈನಿನಲ್ಲಿ ಮಾರುವುದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ, ಕಂಬಳಿಯೊಂದನ್ನು ಮಡಿಸಿ ಇಟ್ಟರೆ ಸಾಕು. ಒಬ್ಬರೇ ಇರುವಾಗ ಮೊದಲ ಸಲ ಮಾಡಲೇಬೇಡಿ.

ಕೆಳಗಿನದೆಲ್ಲ ಬಲಗಿವಿಗೆ. ಎಡಗಿವಿಯಾದರೆ ಬಲ, ಎಡಗಳನ್ನು ಅದಲುಬದಲು ಮಾಡಿಕೊಳ್ಳಿ, ಅದನ್ನು ಮಲಗುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಲೆ ತಿರುಗುತ್ತಿರುವಾಗ ಎಡ ಯಾವುದು, ಬಲ ಯಾವುದು ಎನ್ನುವುದು ಎಂಥವರಿಗೂ ಕಲಸಿಹೋಗುತ್ತದೆ. ವಿಡಿಯೊ ನೋಡಿ ಮಾಡುವವರು ಎಡವುವುದೂ ಇಲ್ಲೇ, ಕೆಲವು ವಿಡಿಯೊಗಳು ಕನ್ನಡಿಯಲ್ಲಿ ಕಂಡಂತೆ ಬಲ ಎಡವಾಗಿರುತ್ತವೆ.

ಹಂತ 1. ಕಾಲು ಚಾಚಿ ಕುಳಿತು ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ. ಗಲ್ಲ ಎದೆಯ ನಡುವಿಗೂ ಭುಜಕ್ಕೂ ಮಧ್ಯೆ ಬರಬೇಕು.

ಹಂತ 2. ತಲೆ ತಿರುಗಿಸಿದಂತೆಯೇ ಚುರುಕಾಗಿ ಹಿಂದಕ್ಕೆ ಮಲಗಿ. ಈಗ ತಲೆಸುತ್ತು ಬಂದೇ ಬರುತ್ತದೆ, ಬರಲೇಬೇಕು. ಹೆದರಿ ಎದ್ದುಬಿಡುವವರೇ ಹೆಚ್ಚು. ಎದ್ದರೆ ಹರಳು ಮತ್ತೆ ಮೊದಲಿದ್ದಲ್ಲಿಗೇ ಹೋಗುತ್ತದೆ. ಕಣ್ಣು ಬಿಟ್ಟುಕೊಂಡು ಮಾಡಿನ ಒಂದು ತೊಲೆಯನ್ನು ನೋಡುತ್ತಿರಿ. ಸುತ್ತು ನಿಂತ ಮೇಲೂ ಅರ್ಧ ನಿಮಿಷ ಅಲುಗಬೇಡಿ. ಕಾಫಿ ಗಸಿ ಲೋಟದ ತಳಕ್ಕೆ ಇಳಿಯಲು ಹೊತ್ತು ಹಿಡಿಯುವ ಹಾಗೆ, ದ್ರವದಲ್ಲಿ ತೇಲುವ ಹರಳಿಗೂ ನಾಳದ ತಗ್ಗಿಗೆ ಇಳಿಯಲು ಸಮಯ ಬೇಕು. ಸೆಕೆಂಡುಗಳನ್ನು ಜೊತೆಗಿರುವವರು ಎಣಿಸಲಿ, ತಲೆ ತಿರುಗುವವರ ಎಣಿಕೆ ಯಾವಾಗಲೂ ಓಡುತ್ತದೆ.

ಹಂತ 3. ತಲೆಯನ್ನು ಎತ್ತದೆ, ಎಡಕ್ಕೆ ಪೂರ್ತಿ 90 ಡಿಗ್ರಿ ತಿರುಗಿಸಿ. ಮೊದಲು ಬಲಗಿವಿ ಹಾಸಿಗೆಯತ್ತ ಇತ್ತು, ಈಗ ಎಡಗಿವಿ. ‘ಎತ್ತದೆ’ ಎಂಬುದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಮಲಗಿದವರು ತಲೆ ತಿರುಗಿಸುವಾಗ ತಮಗೇ ಅರಿವಿಲ್ಲದೆ ಗಲ್ಲವನ್ನು ಎದೆಯತ್ತ ತರುತ್ತಾರೆ. ಹಾಗಾಗದಂತೆ ಸಹಾಯಕರು ತಲೆಯ ಕಡೆ ನಿಂತು, ಎರಡೂ ಅಂಗೈಯಲ್ಲಿ ಕಿವಿಯ ಹಿಂಭಾಗವನ್ನು ಹಿಡಿದು, ತಲೆಯ ಭಾರವನ್ನೆಲ್ಲ ತಾವೇ ಹೊತ್ತು ನಿಧಾನವಾಗಿ ತಿರುಗಿಸಬೇಕು. ಮಲಗಿದವರು ಕತ್ತನ್ನು ಸಡಿಲ ಬಿಡಬೇಕು. ಮತ್ತೆ ಅರ್ಧ ನಿಮಿಷ.

ಹಂತ 4. ಕೆಡುವುದು ಹೆಚ್ಚಾಗಿ ಇಲ್ಲೇ. ಈಗ ಇಡೀ ಮೈ ಎಡ ಮಗ್ಗುಲಿಗೆ ಹೊರಳಬೇಕು, ಅದರೊಡನೆ ತಲೆಯೂ ಇನ್ನಷ್ಟು ತಿರುಗಿ ಮೂಗು ಓರೆಯಾಗಿ ಹಾಸಿಗೆಯತ್ತ ನೋಡುವಂತಾಗಬೇಕು. ಜನ ಮಾಡುವುದೇನು? ಮೈಯನ್ನು ಹೊರಳಿಸುತ್ತಾರೆ, ಮುಖ ಮಾತ್ರ ಎದುರಿನ ಗೋಡೆಯತ್ತಲೇ ಉಳಿಯುತ್ತದೆ. ಕೆಲವರು ಉಸಿರು ಕಟ್ಟುತ್ತದೆಂದು ಮುಖವನ್ನು ಮತ್ತೆ ಸೂರಿನತ್ತ ತಿರುಗಿಸುತ್ತಾರೆ. ಎರಡರಲ್ಲೂ ಹರಳು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ನಾನು ಹೇಳಿಕೊಡುವ ಉಪಾಯ ಇದು: ಹೊರಳುವ ಮೊದಲೇ ಹಾಸಿಗೆಯ ಎಡ ಅಂಚಿನ ಕೆಳಗೆ, ನೆಲದ ಮೇಲೆ ಒಂದು ಚಪ್ಪಲಿ ಇಡಿ. ಹೊರಳಿದ ಮೇಲೆ ಆ ಚಪ್ಪಲಿ ಕಣ್ಣಿಗೆ ಕಾಣಬೇಕು. ಗೋಡೆಯ ಕ್ಯಾಲೆಂಡರ್ ಕಾಣುತ್ತಿದ್ದರೆ ಇನ್ನೂ ತಿರುಗುವುದಿದೆ ಎಂದರ್ಥ. ಭುಜ, ಸೊಂಟ, ಮೊಣಕಾಲು ಒಟ್ಟಿಗೆ ಹೊರಳಲಿ, ಕತ್ತನ್ನು ಹಿಂಡಬೇಡಿ. ಇಲ್ಲಿ ಮತ್ತೊಮ್ಮೆ ಸಣ್ಣದಾಗಿ ತಿರುಗಿದರೆ ಹೆದರಬೇಡಿ, ಹರಳು ಚಲಿಸುತ್ತಿದೆ ಎಂದುಕೊಳ್ಳಿ. ಅದು ನಿಂತ ಮೇಲೂ ಅರ್ಧ ನಿಮಿಷ ಇದ್ದಲ್ಲೇ ಇರಿ.

ಹಂತ 5. ಗಲ್ಲವನ್ನು ತುಸು ಎದೆಯತ್ತ ಬಾಗಿಸಿ, ಎಡಗಡೆಯಿಂದಲೇ ಕಾಲು ಇಳಿಬಿಟ್ಟು ಎದ್ದು ಕುಳಿತುಕೊಳ್ಳಿ. ಒಮ್ಮೆ ಹಿಂದಕ್ಕೆ ಎಳೆದಂತಾಗಬಹುದು, ಸಹಾಯಕರು ಭುಜ ಹಿಡಿದಿರಲಿ. ಹತ್ತು ನಿಮಿಷ ಎದ್ದು ನಡೆಯುವುದು ಬೇಡ.

ದಿನಕ್ಕೆ ಮೂರು ಸಲ ಮಾಡಿ, ಪೂರ್ತಿ ಒಂದು ದಿನ ತಲೆಸುತ್ತು ಬಾರದಿದ್ದರೆ ನಿಲ್ಲಿಸಿ. ಬಹಳಷ್ಟು ಜನರಿಗೆ ಕೆಲವೇ ಸಲದಲ್ಲಿ ಗುಣ ಕಾಣುತ್ತದೆ. ವಾರ ಕಳೆದರೂ ಹಾಗೇ ಇದ್ದರೆ ತಜ್ಞರನ್ನು ಕಾಣಿ. ಮುಂದೆಂದಾದರೂ ಮರುಕಳಿಸಿದರೆ ಮತ್ತೆ ಯಾವ ಕಿವಿ ಎಂಬುದರಿಂದಲೇ ಆರಂಭಿಸಿ. ಎರಡು ರಾತ್ರಿ ಕುಳಿತೇ ನಿದ್ರಿಸಬೇಕು ಎಂಬ ಹಳೆಯ ಕಟ್ಟುಪಾಡು ಈಗ ಬೇಕಿಲ್ಲ. ಆದರೆ ಅಂದು ಘಟ್ಟದ ತಿರುವುಗಳಲ್ಲಿ ನೀವೇ ಗಾಡಿ ಓಡಿಸಬೇಡಿ, ಏಣಿಯ ತಂಟೆಗಂತೂ ಒಂದು ವಾರ ಹೋಗಲೇಬೇಡಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಏನೇ ಅನ್ನಲಿ.

ಮಾತ್ರೆಯ ವಿಷಯ: ವಾಂತಿ ಜೋರಾಗಿದ್ದರೆ ವೈದ್ಯರು ಒಂದೆರಡು ದಿನಕ್ಕೆ ಕೊಟ್ಟದ್ದನ್ನು ನುಂಗಿ. ಸಿನ್ನರಿಜಿನ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ಎಳೆದರೆ ಮಂಪರು ಬರುತ್ತದೆ, ವಯಸ್ಸಾದವರಿಗೆ ಕೈ ನಡುಕವೂ ಬರಬಹುದು, ಸಮತೋಲನ ಸರಿಪಡಿಸಿಕೊಳ್ಳುವ ಮಿದುಳಿನ ಕೆಲಸವೂ ನಿಧಾನವಾಗುತ್ತದೆ.

ಸುತ್ತು ಹೋದರೂ ತೂರಾಟ ಉಳಿದರೆ

ಕೋಣೆಯ ಮೂಲೆಗೆ ಬೆನ್ನು ಕೊಟ್ಟು, ಮುಂದೊಂದು ಕುರ್ಚಿ ಇಟ್ಟುಕೊಂಡು ನಿಲ್ಲಿ. ಕ್ಯಾಲೆಂಡರಿನ ಒಂದು ಅಂಕಿಯಲ್ಲಿ ದೃಷ್ಟಿ ನೆಟ್ಟು, ಅಂಕಿ ಮಸುಕಾಗದಷ್ಟೇ ವೇಗದಲ್ಲಿ ತಲೆಯನ್ನು ಎಡಬಲಕ್ಕೆ ಒಂದು ನಿಮಿಷ ಆಡಿಸಿ. ದಿನಕ್ಕೆ ಮೂರು ಬಾರಿ ಸಾಕು. ಮಳೆಗಾಲದಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ನಡೆದಾಡಬೇಡಿ, ಕಿವಿಯ ಸಮತೋಲನ ಕುಗ್ಗಿದವರು ನಿಲ್ಲುವುದು ಕಣ್ಣಿನ ಆಸರೆಯಲ್ಲೇ.

ತಲೆಗೆ ಪೆಟ್ಟು ಬಿದ್ದಿದ್ದರೆ

ಮರದ ಕೊಂಬೆ ಸವರುವ ಕಪಾತಿನಲ್ಲಿ ಜಾರಿದರೂ ಹಾಕಿ ಆಟದಲ್ಲಿ ಸ್ಟಿಕ್ ತಗುಲಿದರೂ ನಿಯಮ ಒಂದೇ. ಮೊದಲ 24 ಗಂಟೆ ಒಬ್ಬರನ್ನೇ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ ಇಳಿಯುವುದು: ಕಂಡ ಕೂಡಲೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಕುಡಿದು ಬಿದ್ದವನನ್ನು ‘ಇಳಿದ ಮೇಲೆ ಏಳುತ್ತಾನೆ’ ಎಂದು ತೋಟದ ಕಾರ್ಮಿಕರ ಲೈನ್ ಮನೆಯ ಜಗಲಿಯಲ್ಲಿ ಮಲಗಿಸುವುದು ಅತಿ ಅಪಾಯ, ನಶೆಗೂ ಮಿದುಳಿನ ರಕ್ತಸ್ರಾವಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ರಕ್ತ ತೆಳುಮಾಡುವ ಮಾತ್ರೆ ನುಂಗುವ ಹಿರಿಯರು ಚೆನ್ನಾಗಿದ್ದರೂ ತೋರಿಸಿಕೊಳ್ಳಲಿ. ಅವರಲ್ಲಿ ರಕ್ತ ನಿಧಾನವಾಗಿ ಜಿನುಗಿ, ವಾರಗಳಾದ ಮೇಲೆ ಮಂಕುತನ, ತೂರಾಟ ಕಾಣಿಸಬಹುದು.

ಕೇಳ್ಮೆ ಕುಗ್ಗಿದರೆ

ಬೆಳಗ್ಗೆ ಎದ್ದಾಗ ಒಂದು ಕಿವಿ ಹಠಾತ್ತನೆ ಮುಚ್ಚಿದಂತಾಗಿದ್ದರೆ ಎಣ್ಣೆ ಬಿಡಬೇಡಿ. ಬಾಯಿ ಮುಚ್ಚಿ ‘ಮ್‌...’ ಎಂದು ಗುನುಗಿ. ಸದ್ದು ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯಂಥ ಅಡ್ಡಿ ಇರುವ ಸಾಧ್ಯತೆ ಹೆಚ್ಚು. ಒಳ್ಳೆಯ ಕಿವಿಯತ್ತ ಹೋದರೆ ನರದ ತೊಂದರೆಯಿರಬಹುದು. ಗುನುಗಿನ ಪರೀಕ್ಷೆ ಸುಳಿವಷ್ಟೇ, ಕಿವಿ ತಜ್ಞರನ್ನು ಅಂದೋ ಮರುದಿನವೋ ಕಾಣಲೇಬೇಕು. ನರದ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, ಆರಂಭವಾಗಬೇಕು.

ನಿಧಾನವಾಗಿ ಕುಗ್ಗುವ ಕೇಳ್ಮೆಗೆ ಇಲ್ಲಿ ಕೊಡಗಿನಲ್ಲಿ ಕಾರಣಗಳು ಕೈಯಲ್ಲೇ ಇವೆ: ಮರ ಕೊಯ್ಯುವ, ಕಳೆ ಕೊಚ್ಚುವ ಯಂತ್ರಗಳು, ಜೊತೆಗೆ ಪುತ್ತರಿ, ಕೈಲ್ ಮುಹೂರ್ತ ಹಬ್ಬಗಳ ಕೋವಿ. ಒಂದು ಗುಂಡಿನ ಸದ್ದು 140 ಡೆಸಿಬೆಲ್ ದಾಟುತ್ತದೆ, ಹತ್ತಿ ತುರುಕಿದರೆ ಅದು ನಿಲ್ಲದು. ಫೋಮ್ ಇಯರ್‌ಪ್ಲಗ್ ಕೊಳ್ಳಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಉಬ್ಬಿಕೊಳ್ಳುವ ತನಕ ಬೆರಳಿನಿಂದ ಒತ್ತಿ ಹಿಡಿಯಿರಿ.

ಶ್ರವಣ ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಬೇಡಿ. ಅಗ್ಗದವುಗಳಲ್ಲಿ ಬಹಳಷ್ಟು ಎಲ್ಲ ಸದ್ದನ್ನೂ ಒಂದೇ ಸಮನೆ ಹೆಚ್ಚಿಸುವ ಡಬ್ಬಿಗಳು, ಪಾತ್ರೆ ಬಿದ್ದ ಸದ್ದಿಗೇ ಅಜ್ಜ ಅದನ್ನು ಕಿತ್ತೆಸೆಯುತ್ತಾರೆ. ಮೊದಲು ಕೇಳ್ಮೆ ಅಳೆಯುವ ಆಡಿಯೊಗ್ರಾಂ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಅಲ್ಲಿ ಕೇಳ್ಮೆಯ ಪರೀಕ್ಷೆಯಿಂದ ಯಂತ್ರ ಹೊಂದಿಸುವ ತನಕ ಎಲ್ಲವೂ ಆಗುತ್ತದೆ. ಹೋಗುವಾಗ ಹಳೆಯ ವರದಿಗಳನ್ನೂ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಬೆಳಗಿನ ಮೊದಲ ಬಸ್ಸಿಗೆ ಹೊರಡುವುದು ಒಳ್ಳೆಯದು.